ಒಂದು ಲೆನ್ಸಿನ ಮೇಲೆ ಹೇಳಿದ ಚಾಡಿ

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಎರಡನೇ ಸಲ ತಲೆ ಬಾಚಿಕೊಂಡದ್ದನ್ನು ಅಕ್ಕ ನೋಡಿಯೂ ನೋಡದ ಹಾಗಿದ್ದಳು. ಅಂಗಡಿ ಅಕ್ಕನದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಳಗಿನ ಮೇಜಿನಲ್ಲಿ ಕೆಟ್ಟ ಲೆನ್ಸುಗಳನ್ನು ಬಿಚ್ಚಿ ಜೋಡಿಸುವುದು ಅವಳ ಕೆಲಸ. ಮುಂದಿನ ಕೌಂಟರಿನಲ್ಲಿ ನಿಂತು ಲೆನ್ಸುಗಳನ್ನು ಬಾಡಿಗೆಗೆ ಕೊಡುವುದು, ಬೇಕೆಂದವರಿಗೆ ಮಾರುವುದು ತಮ್ಮನ ಪಾಲಿನದು.

"ಮೂವತ್ತೈದು-ಎಂಬತ್ತೈದು ಬರೋ ಹೊತ್ತಾಯ್ತು," ಎಂದಳು ಅಕ್ಕ, ತಲೆ ಎತ್ತದೆ.

ಅದು ಒಬ್ಬ ಹುಡುಗಿಗೆ ಅವಳು ಇಟ್ಟ ಹೆಸರು. ಮದುವೆ, ಹುಟ್ಟುಹಬ್ಬ, ಕಚೇರಿಯ ಸಮಾರಂಭ ಎಂದು ವಾರಪೂರ್ತಿ ಓಡಾಡುವ ಫೋಟೊಗ್ರಾಫರ್. ಅವಳ ಚೀಲದಲ್ಲಿ ಎರಡೇ ಲೆನ್ಸು: ಇಡೀ ಕೋಣೆಯನ್ನು ಹಿಡಿಯುವ ಮೂವತ್ತೈದು, ದೂರದ ಮುಖವನ್ನು ಹತ್ತಿರ ತರುವ ಎಂಬತ್ತೈದು. ಎರಡೂ ಪ್ರೈಮ್. ಜೂಮ್ ಎಂಬುದೇ ಇಲ್ಲ. ಇನ್ನಷ್ಟು ಹತ್ತಿರ ಬೇಕೆಂದರೆ ತಾನೇ ನಾಲ್ಕು ಹೆಜ್ಜೆ ನಡೆಯಬೇಕು. ಎರಡರಲ್ಲಿ ಒಂದು ಕೈಕೊಟ್ಟರೆ ಇರಲಿ ಎಂದು ಪ್ರತಿ ಶುಕ್ರವಾರ ಇವೆರಡರ ನಡುವಿನ ಐವತ್ತರ ಲೆನ್ಸೊಂದನ್ನು ಬಾಡಿಗೆಗೆ ಒಯ್ದು, ಸೋಮವಾರ ತಂದುಕೊಡುತ್ತಿದ್ದಳು. ಒಂದು ವರ್ಷದಿಂದ ತಮ್ಮನ ವಾರದಲ್ಲಿ ಇದ್ದದ್ದು ಈ ಎರಡೇ ದಿನ.

"ಈ ಸಲಾನೂ ಮುಚ್ಚಳ ತೆಗ್ದಿಲ್ಲ ಅಲ್ವಾ?" ಎಂದು ಅವನು ಸೋಮವಾರ ಕೇಳುತ್ತಿದ್ದ.

"ತೆಗೆಯೋ ಹಾಗಾದ್ರೆ ನನ್ನ ಗ್ರಹಚಾರ ಕೆಟ್ಟಿದೆ ಅಂತ ಅರ್ಥ. ನೀವು ಅದನ್ನೇ ಕಾಯ್ತಿದೀರಾ?"

ಹಾಗೆನ್ನುವಾಗ ಅವಳ ಬಲಗಡೆಯ ಹುಬ್ಬು ಮಾತ್ರ ಮೇಲೇರುತ್ತಿತ್ತು. ಅದರ ತುದಿಯಲ್ಲೊಂದು ಪುಟ್ಟ ಮಚ್ಚೆ. ಅದನ್ನು ನೋಡುವ ಸಲುವಾಗಿಯೇ ಈ ಪುಣ್ಯಾತ್ಮ ವಾರವಾರವೂ ಅದೇ ಪ್ರಶ್ನೆ ಕೇಳುತ್ತಿದ್ದ.

ಆ ಶುಕ್ರವಾರ ಬಂದವಳೇ ಕೌಂಟರಿಗೆ ಮೊಣಕೈ ಊರಿ ನಿಂತಳು. "ಬಾಡಿಗೆ ಸಾಕಾಯ್ತು. ಬ್ಯಾಕಪ್‌ಗೆ ಅಂತ ಸ್ವಂತದ್ದೇ ಒಂದು ಲೆನ್ಸ್ ತಗೊಳ್ತೀನಿ. ಯಾವುದು ಅಂತ ನೀವೇ ಹೇಳ್ಬೇಕು. ಈ ವಿಷಯದಲ್ಲಿ ನಾನು ಬೇರೆ ಯಾರ ಮಾತೂ ಕೇಳಲ್ಲ."

ಸ್ವಂತದ್ದು ಬಂದ ಮೇಲೆ ಅವಳು ಶುಕ್ರವಾರ ಯಾಕೆ ಬರುತ್ತಾಳೆ? ಸೋಮವಾರವಾದರೂ ಯಾಕೆ ಬರುತ್ತಾಳೆ?

ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಐವತ್ತೇ. ಮೂವತ್ತೈದು ಕೆಟ್ಟರೆ ಐವತ್ತನ್ನು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರಾಯಿತು, ಎಂಬತ್ತೈದು ಕೆಟ್ಟರೆ ಮುಂದೆ ಹೋದರಾಯಿತು. ಚೀಲಕ್ಕೆ ಭಾರವಿಲ್ಲ, ಮಂದ ಬೆಳಕಿಗೂ ಜಗ್ಗುವುದಿಲ್ಲ. ಅಂಥ ಸಾಧು ಲೆನ್ಸಿನ ಮೇಲೆ ಅವನು ಚಾಡಿ ಹೇಳತೊಡಗಿದ.

"ಐವತ್ತು ಬೇಡ. ಬೆಳಕು ಕಮ್ಮಿ ಇದ್ರೆ ಫೋಕಸ್ ಸಿಗದೆ ತಡಕಾಡುತ್ತೆ."

"ಹೌದಾ? ಹಾಗಾದ್ರೆ ಇನ್ನೊಂದು ಮೂವತ್ತೈದೇ ತಗೊಳ್ಲಾ?"

"ಎಂಬತ್ತೈದು ಕೆಟ್ರೆ ಏನ್ ಮಾಡ್ತೀರ?"

"ಒಂದು ಜೂಮ್?"

"ಕಲ್ಲಿನಷ್ಟು ಭಾರ. ನಿಮ್ಮ ಹಾಲ್‌ಗಳ ಬೆಳಕಿಗೆ ಅದು ಸಾಲೋದೂ ಇಲ್ಲ."

"ಅಂದ್ರೆ ನನಗೆ ಹೊಂದೋ ಲೆನ್ಸ್ ಇನ್ನೂ ಹುಟ್ಟೇ ಇಲ್ಲ."

"ಅವಸರ ಏನು? ಸ್ವಲ್ಪ ಕಾಯೋಣ."

ಅವಳು ಕಣ್ಣು ಕಿರಿದು ಮಾಡಿ ಅವನ ಮುಖವನ್ನೇ ನೋಡಿ ನಕ್ಕಳು. ಅವನು ಕೌಂಟರಿನ ಗಾಜು ಒರೆಸಿದ. ಅದು ಆಗಲೇ ಸ್ವಚ್ಛವಾಗಿತ್ತು. ಅವಳಿಗೆ ಕೊಡಲೆಂದು ತೆಗೆದಿಟ್ಟಿದ್ದ ಬಾಡಿಗೆಯ ಐವತ್ತನ್ನು ಮುಂದಕ್ಕೆ ತಳ್ಳಿದ.

"ಅಯ್ಯೋ, ತಡಕಾಡೋದನ್ನ ಕಟ್ಕೊಂಡು ಏನ್ ಮಾಡ್ಲಿ?" ಎಂದು ಅವಳು ಅದನ್ನು ಹಿಂದಕ್ಕೆ ಸರಿಸಿದಳು. "ನಾಳೆಯದು ಮನೆಯೊಳಗಿನ ಸಣ್ಣ ಕಾರ್ಯಕ್ರಮ. ಎರಡರಲ್ಲೇ ಆಗುತ್ತೆ ಬಿಡಿ."

ಆಗಲಾದರೂ ಬಾಯಿ ಬಿಡಬೇಕಿತ್ತು. ಅವನು ಆ ಐವತ್ತನ್ನು ಎತ್ತಿ ಕಪಾಟಿನೊಳಗಿಟ್ಟ. ಅವಳು ಮೆಟ್ಟಿಲಿಳಿದು ಹೋದಳು.

"ಮೊಸರಲ್ಲಿ ಕಲ್ಲು ಹುಡುಕೋಕೆ ಯಾವಾಗ ಕಲ್ತೆ ನೀನು?" ಎಂದಳು ಒಳಗಿನಿಂದ ಅಕ್ಕ. ಅವನು ಕೇಳಿಸದವನಂತೆ ಮತ್ತೆ ಗಾಜು ಒರೆಸಿದ.

ಸೋಮವಾರ ಅವಳು ಬಂದಾಗ ಹುಬ್ಬು ಏರಲಿಲ್ಲ. ಮೂವತ್ತೈದರ ಲೆನ್ಸನ್ನು ಕೌಂಟರಿನ ಮೇಲಿಟ್ಟಳು. "ಇದು ಉಸಿರಾಡ್ತಿಲ್ಲ. ಅಕ್ಕನಿಗೆ ಕೊಡಿ."

"ಯಾವಾಗ ಹೋಯ್ತು?"

"ಎಲ್ಲರೂ ಸಾಲಾಗಿ ನಿಂತ ಮೇಲೆ." ಅವಳು ಸ್ಟೂಲಿನ ಮೇಲೆ ಕುಳಿತಳು. "ಒಂದು ಅಜ್ಜಿಯ ತೊಂಬತ್ತನೇ ಹುಟ್ಟುಹಬ್ಬ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ ಹತ್ತೊಂಬತ್ತು ಜನ. ಕೋಣೆ ನಿಮ್ಮ ಅಂಗಡಿಯಷ್ಟೇ. ಎಂಬತ್ತೈದು ಹಾಕ್ಕೊಂಡು ಹಿಂದೆ ಹಿಂದೆ ಹೋಗಿ ಬಾಗಿಲು ದಾಟಿ ಮೆಟ್ಟಿಲ ಮೇಲೆ ನಿಂತೆ. ಆದ್ರೂ ಎರಡು ತುದಿಯವರು ಹಿಡಿಸ್ಲಿಲ್ಲ. ಕೊನೆಗೆ ಅಜ್ಜಿ ಕೇಳಿದ್ರು, ಎಲ್ಲಾರೂ ಒಂದರಲ್ಲೇ ಬಂದ್ವೇನಮ್ಮಾ ಅಂತ. ಹೂಂ ಅಂದ್ಬಿಟ್ಟೆ."

ಅವಳ ಕಣ್ಣು ತುಂಬಿಕೊಂಡಿತ್ತು. "ತೊಂಬತ್ತು ವರ್ಷದವರಿಗೆ ಸುಳ್ಳು ಹೇಳಿ ಬಂದೆ ನಾನು. ನನ್ನದೇ ತಪ್ಪು. ಬ್ಯಾಕಪ್ ಇಲ್ದೆ ಹೋಗ್ಬಾರ್ದಿತ್ತು."

ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಸುಮ್ಮನಿದ್ದರೆ ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ವರ್ಷ ಶುಕ್ರವಾರಗಳು ಹೀಗೇ ಬರುತ್ತಿದ್ದವು. ಅವನು ಕಪಾಟಿನಿಂದ ಹೊಸ ಐವತ್ತೊಂದನ್ನು ತೆಗೆದು ಅವಳ ಮುಂದಿಟ್ಟ.

"ತಪ್ಪು ನಿಮ್ಮದಲ್ಲ. ಇದು ತಡಕಾಡಲ್ಲ. ಯಾವತ್ತೂ ತಡಕಾಡಿಲ್ಲ. ನಿಮಗೆ ಇದಕ್ಕಿಂತ ಒಳ್ಳೇ ಬ್ಯಾಕಪ್ ಇಲ್ಲ. ಶುಕ್ರವಾರ ನಾನು ಹೇಳಿದ್ದು ಸುಳ್ಳು."

"ಯಾಕೆ?"

"ಇದನ್ನ ಕೊಂಡ್ಮೇಲೆ ನೀವು ಇಲ್ಲಿಗೆ ಬರಲ್ಲ ಅಂತ."

ಒಳಗೆ ಅಕ್ಕನ ಸ್ಕ್ರೂಡ್ರೈವರಿನ ಸದ್ದು ನಿಂತಿತು. ಹುಡುಗಿಯ ಕೆನ್ನೆ ಕೆಂಪಾಗಿತ್ತು. ಸಿಟ್ಟಿಗೋ ಬೇರೆ ಯಾವುದಕ್ಕೋ ತಿಳಿಯುವಷ್ಟು ಧೈರ್ಯದಿಂದ ಅವನು ನೋಡಲಿಲ್ಲ.

"ನಾನು ನಿಮ್ಮ ಮಾತು ನಂಬಿದ್ದೆ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಒಳ್ಳೆಯದಿತ್ತು. ಐವತ್ತನ್ನು ಕೊಂಡು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಶುಕ್ರವಾರ ಬಂತು, ಅವಳು ಬರಲಿಲ್ಲ. ಅವನು ತಲೆ ಬಾಚಿಕೊಳ್ಳಲಿಲ್ಲ. ಮಧ್ಯಾಹ್ನ ಡಬ್ಬಿ ತೆರೆದು ಎರಡು ತುತ್ತು ತಿಂದು ಹಾಗೇ ಮುಚ್ಚಿಟ್ಟ. ಸದಾ ಅವನ ಕಾಲೆಳೆಯುತ್ತಿದ್ದ ಅಕ್ಕನೂ ಅಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಸಂಜೆ ಶಟರ್ ಎಳೆಯುವಾಗ ಮಾತ್ರ, "ನಿಜ ಹೇಳಿದ್ದು ಒಳ್ಳೇದೇ ಆಯ್ತು ಕಣೋ," ಎಂದು ಅವನ ಬೆನ್ನು ಸವರಿದಳು.

ಸೋಮವಾರ ಮಧ್ಯಾಹ್ನ ಬಾಗಿಲ ಬಳಿ ನೆರಳು ಬಿತ್ತು. ಅವಳೇ. ಹೆಗಲಲ್ಲಿ ಕ್ಯಾಮೆರಾ ಚೀಲವಿಲ್ಲ, ಕೈಯಲ್ಲೂ ಏನಿಲ್ಲ. ಚೀಲವಿಲ್ಲದ ಅವಳನ್ನು ಅವನು ನೋಡಿದ್ದೇ ಇಲ್ಲ. ಎರಡು ಕ್ಷಣ ಗುರುತೇ ಸಿಗಲಿಲ್ಲ ಎನ್ನಬಹುದು.

ಗಾಬರಿಯಲ್ಲಿ ಅಭ್ಯಾಸಬಲದಿಂದ ರಿಜಿಸ್ಟರ್ ಬಿಡಿಸಿದ. "ಏನು ವಾಪಸ್ ಮಾಡ್ಬೇಕಿತ್ತು?"

"ಏನೂ ಇಲ್ಲ."

"ಮೂವತ್ತೈದು ರಿಪೇರಿ ಆಗಿದೆ, ಅದಕ್ಕೆ ಬಂದ್ರೇನೋ."

"ಅದು ಆಗಿದೆ ಅಂತ ಅಕ್ಕ ಫೋನ್ ಮಾಡಿದ್ರು. ನಾಡಿದ್ದು ತಗೊಳ್ತೀನಿ ಅಂದೆ." ಅವಳು ಕೌಂಟರಿನ ಗಾಜಿನ ಮೇಲೆ ಬೆರಳಿನಿಂದ ಸುಮ್ಮನೆ ಒಂದು ಗೆರೆ ಎಳೆದಳು. "ಹೋದ ವಾರ ಅಜ್ಜಿ ಮನೆಗೆ ಹೋಗಿದ್ದೆ. ನಿಜ ಹೇಳ್ದೆ, ಕ್ಷಮಿಸಿ ಅಂದೆ. ಬೈತಾರೆ ಅಂದ್ಕೊಂಡ್ರೆ, ಎಲ್ಲಾರನ್ನೂ ಇನ್ನೊಂದ್ಸಲ ಕರೆಸೋಕೆ ನೆಪ ಸಿಕ್ತಲ್ಲ ಅಂತ ಖುಷಿಪಟ್ರು. ನಿನ್ನೆ ಎಲ್ಲಾರೂ ಸೇರಿದಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಐವತ್ತರಲ್ಲೇ ತೆಗ್ದೆ. ಹತ್ತೊಂಬತ್ತು ಜನಾನೂ ಒಂದರಲ್ಲೇ ಬಂದ್ರು."

"ಬೆಳಕು?"

"ಮಂದ ಇತ್ತು. ಲೆನ್ಸ್ ತಡಕಾಡ್ಲಿಲ್ಲ. ತಡಕಾಡಿದ್ದು ನೀವೊಬ್ರೇ." ಹುಬ್ಬು ಏರಿತು. ಅವನಿಗೆ ಹೋದ ಜೀವ ಬಂದಂತಾಯಿತು.

"ಮತ್ತೆ ಇವತ್ತು..." ಎಂದು ಅವನು ತೊದಲಿದ.

"ಬಾಡಿಗೆಗೂ ಅಲ್ಲ, ವಾಪಸ್ ಕೊಡೋಕೂ ಅಲ್ಲ. ನಿಮ್ಮನ್ನ ನೋಡೋಕೆ ಬಂದೆ. ಲೆನ್ಸ್ ಇಲ್ಲದಿದ್ರೆ ನಾನು ಬರೋದೇ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು? ಒಂದು ಮಾತು ನನ್ನನ್ನೇ ಕೇಳ್ಬಹುದಿತ್ತು."

"ಹೆದರಿಕೆ ಆಯ್ತು."

"ನನಗೂ ಆಗ್ತಿತ್ತು. ಮನೆ ಹತ್ರಾನೇ ಬಾಡಿಗೆ ಅಂಗಡಿ ಇದ್ರೂ ಎರಡು ಬಸ್ ಬದಲಾಯಿಸಿ ಬರ್ತಿದ್ದೆ, ಹೇಳೋಕೆ ಮಾತ್ರ ಆಗ್ತಿರ್ಲಿಲ್ಲ." ಅವಳು ಅವನನ್ನು ನೇರವಾಗಿ ನೋಡಿದಳು. "ಕೆಲಸದ ವಿಷಯದಲ್ಲಿ ಇನ್ನೊಂದ್ಸಲ ಸುಳ್ಳು ಹೇಳಿದ್ರೆ ಮಾತ್ರ ಈ ಕಡೆ ತಲೆ ಹಾಕಲ್ಲ."

"ಹೇಳಲ್ಲ."

"ಹಾಗಾದ್ರೆ ಈಗ ಒಂದು ನಿಜ ಹೇಳಿ."

ಅವನು ರಿಜಿಸ್ಟರಿನಿಂದ ಕೈ ತೆಗೆದ. "ನಿಮ್ಮನ್ನ ಕಂಡ್ರೆ ನನಗೆ ತುಂಬ ಇಷ್ಟ. ಒಂದು ವರ್ಷದಿಂದ. ಹೋದ ಶುಕ್ರವಾರ ಊಟ ಸೇರ್ಲಿಲ್ಲ."

"ನನಗೂ," ಎಂದಳು ಅವಳು, ಮೆಲ್ಲಗೆ.

"ಆ ರಿಜಿಸ್ಟರ್ ಮುಚ್ಚೋ ಮಾರಾಯ," ಎಂದು ಅಕ್ಕ ಒಳಗಿನಿಂದಲೇ ಕೂಗಿದಳು. "ಕೌಂಟರ್ ನಾನ್ ನೋಡ್ಕೊಳ್ತೀನಿ. ಹೊರಗೆ ಹೋಗಿ ಮಾತಾಡ್ಕೊಳ್ಳಿ."

ಅವನು ಕೌಂಟರಿನ ಪಕ್ಕದ ಹಲಗೆ ಎತ್ತಿ ಹೊರಬಂದ. ಒಂದು ವರ್ಷದಲ್ಲಿ ಮೊದಲ ಸಲ ಅವರಿಬ್ಬರ ನಡುವೆ ಕೌಂಟರ್ ಇರಲಿಲ್ಲ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದವನ ಒಂದು ಕೈಯನ್ನು ಅವಳು ತಾನೇ ಹಿಡಿದುಕೊಂಡಳು.

"ಎಲ್ಲಿಗೆ ಹೋಗೋಣ?" ಎಂದು ಅವನು ಕೇಳಿದ.

"ಗೊತ್ತಿಲ್ಲ. ನಡೀರಿ, ಸಂಜೆವರೆಗೂ ನನಗೆ ಯಾವ ಕೆಲಸಾನೂ ಇಲ್ಲ."