ಅಜ್ಜನ ತೂಕದಷ್ಟು ಪುಸ್ತಕ

“ಅಜ್ಜಾ, ಇನ್ನೊಂದ್ ಹೋಳಗಿ ತಿನ್ನರಿ. ಪ್ಲೀಸ್!”

“ಹೊಟ್ಟಿ ಒಡೀತದ ಮಾನ್ಯಾ!” ರೇವಣಪ್ಪಜ್ಜ ತಾಟಿಗೆ ಕೈ ಅಡ್ಡ ಹಿಡಿದರು.

ಮಾನ್ಯಾಳಿಗೆ ಅಳುವೇ ಬಂತು. ಇವತ್ತು ಮಹಾರಾಷ್ಟ್ರದ ಅವರ ಊರು ಸಟಾಣೆಯ ವಾಚನಾಲಯಕ್ಕೆ ಐವತ್ತು ವರ್ಷ. ಎಲ್ಲರಿಗಿಂತ ಹಳೆಯ ಓದುಗರಾದ ಅಜ್ಜನಿಗೆ ಗ್ರಂಥತುಲೆ. ಅಂದರೆ ತಕ್ಕಡಿಯ ಒಂದು ಕಡೆ ಅಜ್ಜ, ಇನ್ನೊಂದು ಕಡೆ ಹೊಸ ಪುಸ್ತಕ. ಅಜ್ಜನ ತೂಕದಷ್ಟು ಪುಸ್ತಕ ವಾಚನಾಲಯಕ್ಕೆ, ಉಳಿದದ್ದು ವಾಪಸ್ ಅಂಗಡಿಗೆ. ಮೊದಲು ದಪ್ಪ ದಪ್ಪ ಕಾಯ್ದೆ ಪುಸ್ತಕ ಇಡುತ್ತಾರಂತೆ, ಮಕ್ಕಳದ್ದು ಕೊನೆಗೆ. ಅಜ್ಜನೋ ಕಡ್ಡಿ ಪೈಲ್ವಾನ!

ಹೋಳಿಗೆ ಕೈಕೊಟ್ಟಿತೆಂದು ಸುಮ್ಮನಿರುವ ಪೈಕಿಯಲ್ಲ ಮಾನ್ಯಾ. ಅಡುಗೆಮನೆಗೆ ನುಗ್ಗಿದಳು. ಅಜ್ಜನ ಕೋಟಿನ ಜೇಬುಗಳಿಗೆಲ್ಲ ಈರುಳ್ಳಿ ತುರುಕಿದಳು.

ವಾಚನಾಲಯದ ಕಟ್ಟಡ ಮೊದಲು ಈರುಳ್ಳಿ ಗೋದಾಮಾಗಿತ್ತು. ಮಳೆ ಬಂದರೆ ಗೋಡೆಗಳು ಈಗಲೂ ಘಮ್ಮೆನ್ನುತ್ತವೆ. ಮೂಟೆ ತೂಗುತ್ತಿದ್ದ ದೊಡ್ಡ ತಕ್ಕಡಿ ತೊಲೆಗೆ ಇನ್ನೂ ಜೋತುಬಿದ್ದಿದೆ. ಅದರಲ್ಲಿ ಅಜ್ಜ ಮದುಮಗನ ಹಾಗೆ ಕೂತರು.

ಅಧ್ಯಕ್ಷ ಮಧುಕರ ಕಾಕಾ ಕಾಯ್ದೆ ಇಟ್ಟರು, ಡಿಕ್ಷನರಿ ಇಟ್ಟರು. ಅಜ್ಜ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಬಣ್ಣಬಣ್ಣದ ಮಕ್ಕಳ ಪುಸ್ತಕಗಳೂ ಏರಿದವು. ತಕ್ಕಡಿ ಸಮವಾಯಿತು! ಚಪ್ಪಾಳೆಯೋ ಚಪ್ಪಾಳೆ!

ಅಜ್ಜ ಬಗ್ಗಿ ನಮಸ್ಕಾರ ಮಾಡಿದರು. ದಡಬಡ ದಡಬಡ! ಜೇಬಿನ ಈರುಳ್ಳಿ ನೆಲಕ್ಕುರುಳಿದವು, ಅಜ್ಜ ಸುಯ್ಯೆಂದು ಮೇಲೆ ಹೋದರು.

“ಅಯ್ಯ ಶಿವನ, ಇವು ನಮ್ಮನಿ ಉಳ್ಳಾಗಡ್ಡಿ!” ಮುಂದೆಯೇ ಕೂತಿದ್ದ ಮಾನ್ಯಾಳ ಅಜ್ಜಿ ಪಾರ್ವತಿಬಾಯಿ ಚೀರಿದರು. “ಅದಕ್ಕೇ ಬುಟ್ಟಿ ಖಾಲಿ ಆಗ್ಯಾದ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾನ್ಯಾ ಮಾತ್ರ ನಾಚಿಕೆಯಿಂದ ಕುಗ್ಗಿಹೋದಳು. ಕಾಕಾ ತೂಕ ಸರಿಮಾಡಲು ಮೇಲಿದ್ದ ಮಕ್ಕಳ ಪುಸ್ತಕಗಳಿಗೇ ಕೈ ಹಾಕಿದರು.

“ಥಾಂಬಾ, ಥಾಂಬಾ!” ಅಜ್ಜ ಮೇಲಿಂದಲೇ ಮರಾಠಿಯಲ್ಲಿ ತಡೆದರು. “ಇದು ಗೋದಾಮಾಗಿದ್ದಾಗಿನಿಂದ ನೋಡಿದ್ದೇನೆ. ತೂಕ ಹೆಚ್ಚಾದರೆ ತಳದ ಮಾಲು ತೆಗೆಯೋದು ಇಲ್ಲಿಯ ಪದ್ಧತಿ. ಇಲ್ಲಾಂದ್ರೆ ನಾನು ಇಳಿಯೋದೇ ಇಲ್ಲ!”

ಅಂಥ ಪದ್ಧತಿಯನ್ನು ಯಾರೂ ಕೇಳಿರಲಿಲ್ಲ. ಆದರೆ ಅಷ್ಟು ಎತ್ತರದಲ್ಲಿ ಕೂತ ಹಿರಿಯರ ಜೊತೆ ವಾದ ಮಾಡುವವರು ಯಾರು? ಕಾಕಾ ಬೆವರುತ್ತ ತಳದಿಂದ ಕಾಯ್ದೆ ಪುಸ್ತಕ ಎಳೆದರು. ಅಜ್ಜ ಮೆಲ್ಲಗೆ ಕೆಳಗೆ ಬಂದರು. ಮಕ್ಕಳ ಪುಸ್ತಕ ಒಂದೂ ವಾಪಸ್ ಹೋಗಲಿಲ್ಲ.

ಮಾನ್ಯಾ ಓಡಿಹೋಗಿ, “ಸಾರಿ ಅಜ್ಜಾ” ಎಂದಳು.

“ಯಾತಕ್ಕವ್ವಾ?” ಎನ್ನುತ್ತ ಅಜ್ಜ ಕೋಟು ಕೊಡವಿಕೊಂಡರು.

ಆಗ ಅವಳಿಗೆ ಹೊಳೆಯಿತು. ಕಲ್ಲಿನಷ್ಟು ಭಾರದ ಆ ಕೋಟು ತೊಟ್ಟು ಅಜ್ಜ ಮನೆಯಿಂದ ನಡೆದೇ ಬಂದಿದ್ದರು. ದಾರಿಯುದ್ದಕ್ಕೂ ಒಮ್ಮೆಯೂ ಜೇಬಿಗೆ ಕೈ ಹಾಕಿರಲಿಲ್ಲ.