ನೋವೇ ಆಗಲ್ಲ ಅಂದವನು

ಮೊದಲ ದಿನವೇ ಅವನನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಗಿತ್ತು.

ಸೂಜಿಯಿಲ್ಲದೆ ಲಸಿಕೆ ಹಾಕುವ ಮೆಷಿನ್ ತಂದು ಕ್ಲಿನಿಕ್ಕಿನ ನರ್ಸ್‌ಗಳಾದ ನಮಗೆ ಟ್ರೇನಿಂಗ್ ಕೊಡಲು ಬಂದಿದ್ದ. ಬಂದವನೇ ಮೈಕ್ ಹಿಡಿದು, ಸಾಲಲ್ಲಿ ನಿಂತ ತಾಯಂದಿರಿಗೆ, "ಸೂಜಿ ಇಲ್ಲ, ನೋವೇ ಆಗಲ್ಲ!" ಎಂದು ಸಾರಿಬಿಟ್ಟ. ನನ್ನ ಕಡೆ ನೋಡಿ ಹುಬ್ಬು ಬೇರೆ ಹಾರಿಸಿದ. ನೋಡಲು ಚೆನ್ನಾಗಿಯೇ ಇದ್ದ. ಅದಕ್ಕೂ ಸಿಟ್ಟು ಬಂತು.

ಮೊದಲ ಮಗುವಿನ ತೋಳಿಗೆ ಮೆಷಿನ್ ಒತ್ತಿದೆ. ಟಪ್ ಎಂದಿತು. ಮಗು ಸೂರು ಹಾರಿಹೋಗುವಂತೆ ಕಿರುಚಿತು.

"ನೋವೇ ಆಗಲ್ಲ ಅಂದ್ರಲ್ಲ ಸಿಸ್ಟರ್?" ಎಂದಳು ತಾಯಿ. "ಚುಚ್ಚಿದ ಗುರುತೂ ಇಲ್ಲ. ಔಷಧಿ ಒಳಗೆ ಹೋಯ್ತು ಅಂತ ಹೇಗೆ ನಂಬೋದು?"

ಅರ್ಧ ಗಂಟೆಯಲ್ಲಿ ಸಾಲು ಕರಗಿತು. ಹದಿನೇಳು ಮಕ್ಕಳು ಲಸಿಕೆಯಿಲ್ಲದೆ ಮನೆಗೆ ಹೋದವು.

"ಹನ್ನೆರಡು ವರ್ಷದಿಂದ 'ಸ್ವಲ್ಪ ನೋಯುತ್ತೆ, ಆಮೇಲೆ ಸರಿಹೋಗುತ್ತೆ' ಅಂತ ನಿಜಾನೇ ಹೇಳ್ಕೊಂಡು ಬಂದಿದೀನಿ," ಎಂದು ಅವನ ಮೇಲೆ ಹರಿಹಾಯ್ದೆ. "ಒಂದೇ ಮಾತಲ್ಲಿ ಮಣ್ಣುಪಾಲು ಮಾಡಿದ್ರಿ. ಆ ಮಕ್ಕಳಿಗೆ ದಡಾರ ಬಂದ್ರೆ ನೀವು ನೋಡ್ಕೋತೀರಾ? ನೀವೇ ಒಂದ್ಸಲ ಹಾಕಿಸ್ಕೊಂಡಿದೀರಾ ಇದನ್ನ?"

"ಇಲ್ಲ," ಎಂದ, ತಲೆ ತಗ್ಗಿಸಿ. "ಕಂಪನಿ ಬ್ರೋಷರಲ್ಲಿ ಹಾಗೆ ಬರೆದಿತ್ತು."

ಬ್ರೋಷರಂತೆ!

ಆ ಸಂಜೆ ಅವನು ಮನೆಮನೆಗೆ ಹೋಗಿ, "ನಾಳೆ ಮೊದಲು ನನಗೇ ಹಾಕ್ತಾರೆ, ಬಂದು ನೋಡಿ," ಎಂದು ಬೇಡಿಕೊಂಡನಂತೆ. ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ನೋಡಿದರೆ ತಾಯಂದಿರ ಮುಂದೆ, ಶರ್ಟಿನ ತೋಳು ಮಡಚಿಕೊಂಡು ನಿಂತಿದ್ದ. ಮೆಷಿನ್‌ಗೆ ಲಸಿಕೆಯ ಬದಲು ಬರೀ ಸಲೈನ್ ನೀರು ತುಂಬಿ, ಕರುಣೆಯಿಲ್ಲದೆ ಒತ್ತಿದೆ. ಟಪ್!

"ನೋವಾಯ್ತಾ?" ಎಲ್ಲರಿಗೂ ಕೇಳುವಂತೆ ಕೇಳಿದೆ.

"ಆಯ್ತು. ನಿನ್ನೆ ನಾನು ಹೇಳಿದ್ದು ಸುಳ್ಳು. ಆದ್ರೆ ಮುಟ್ಟಿ ನೋಡಿ, ಚರ್ಮ ಒದ್ದೆಯಾಗಿಲ್ಲ. ತುಂಬಿದ್ದೆಲ್ಲ ಒಳಗೇ ಹೋಗಿದೆ."

ನಿನ್ನೆ ಪ್ರಶ್ನೆ ಕೇಳಿದ್ದ ತಾಯಿ ಬೆರಳಿಟ್ಟು ನೋಡಿದಳು. ಆಮೇಲೆ ಹಿಂದೆ ನಿಂತವರಿಗೆ ಹೌದೆಂದು ತಲೆಯಾಡಿಸಿದಳು.

ಮಧ್ಯಾಹ್ನದೊಳಗೆ ಹದಿನಾರು ಮಕ್ಕಳಿಗೆ ಹಾಕಿದೆ. ಒಂದು ಮಗು ಬರಲೇ ಇಲ್ಲ.

"ಟ್ರೇನಿಂಗ್ ಮುಗೀತು," ಎಂದ ಅವನು, ಮೆಲ್ಲಗೆ. "ಹೋಗೋಕೆ ಕಾಲೇ ಬರ್ತಿಲ್ಲ. ನನಗೆ ನೀವು ಅಂದ್ರೆ ಇಷ್ಟ."

"ಇದನ್ನ ಯಾವ ಬ್ರೋಷರಲ್ಲಿ ಓದಿದ್ರಿ?" ಕೆನ್ನೆ ಬಿಸಿಯಾಗಿತ್ತು, ಆದರೂ ಸಿಟ್ಟು ಬಿಡಲಿಲ್ಲ. "ಲಸಿಕೆ ಡಬ್ಬಿ ತಗೊಳ್ಳಿ. ಹದಿನೇಳನೇ ಮಗುವಿನ ಮನೆ ಬಾಕಿ ಇದೆ."

ದಾರಿಯುದ್ದಕ್ಕೂ ಬೈದೆ. ಡಬ್ಬಿ ಹೊತ್ತುಕೊಂಡು ಹಿಂದೆಯೇ ಬಂದ. ಬಾಗಿಲು ತೆರೆದ ತಾಯಿಗೆ ಅವನೇ ಮೊದಲು ಹೇಳಿದ: "ಸ್ವಲ್ಪ ನೋಯುತ್ತೆ ಅಮ್ಮ. ಆಮೇಲೆ ಸರಿಹೋಗುತ್ತೆ."

ಅದು ನನ್ನ ಮಾತು. ಅಲ್ಲೇ, ಆ ಹೊಸ್ತಿಲಲ್ಲೇ, ಅವನ ಕೈ ಹಿಡಿದುಕೊಂಡೆ.