ಏಳು ಪೊಟ್ಟಣ

"ಅಜ್ಜೀ, ಬೇಡ! ಸತ್ತೇ ಹೋಗುತ್ತೆ ಅದು!"

ಅಜ್ಜಿಯ ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಈರುಳ್ಳಿಯಂಥ ಗಡ್ಡೆ.

"ಏಳು ಜನಕ್ಕೆ ಕೊಡ್ತೀನಿ ಅಂತ ಕೊಚ್ಚಿಕೊಂಡೋಳು ಯಾರೇ? ನಾನಾ?"

ಸದಾ ವಟಗುಟ್ಟುತ್ತಾಳೆಂದು ಮನೆಯವರೆಲ್ಲ ಚಿನಕುರಳಿ ಎಂದು ಕರೆಯುತ್ತಿದ್ದ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಅವಳ ಹಯಸಿಂತ್ ಗಡ್ಡೆ, ಇದ್ದದ್ದೇ ಒಂದು. ವಸಂತದಲ್ಲಿ ಅದು ಕಿಟಕಿಯ ಹತ್ತಿರ ನೀಲಿ ಹೂ ಬಿಟ್ಟಾಗ, ಇವಳು ಏಳು ಗೆಳತಿಯರಿಗೆ "ನಿಮಗೂ ಒಂದೊಂದು ಗಡ್ಡೆ, ಪ್ರಾಮಿಸ್!" ಎಂದುಬಿಟ್ಟಿದ್ದಳು. ಈಗ ಅವರೆಲ್ಲ ದಿನಾ ಪ್ರಾಣ ತಿನ್ನುತ್ತಿದ್ದರು.

ಅಜ್ಜಿ ಮೂವತ್ತು ವರ್ಷ ಹೂಗಿಡಗಳ ನರ್ಸರಿಯಲ್ಲಿ ದುಡಿದವರು. ಗಡ್ಡೆಯನ್ನು ತಲೆಕೆಳಗು ಮಾಡಿ, ಬುಡದಲ್ಲಿ ಆಳವಾಗಿ ಮೂರು ಗೀರು ಕೊಯ್ದರು. ಚಿನಕುರಳಿ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಅದನ್ನು ಮರಳಿನ ತಟ್ಟೆಯಲ್ಲಿ ಬುಡ ಮೇಲಾಗಿ ಕೂರಿಸಿ, ಬೆಚ್ಚಗಿನ ಕಪಾಟಿನಲ್ಲಿಟ್ಟರು.

"ಮುಟ್ಟಬಾರದು. ನೋಡೋಕೆ ಮಾತ್ರ ಪರ್ಮಿಷನ್."

ಮೊದಲ ವಾರ ಏನೂ ಇಲ್ಲ. ಆಮೇಲೆ ಗೀರುಗಳು ಅಗಲವಾದವು. ಒಂದು ತಿಂಗಳು ಕಳೆದ ಮೇಲೆ ಅವುಗಳ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಪುಟಾಣಿ ಗಡ್ಡೆಗಳು! ಚಿನಕುರಳಿ ಕುಣಿದದ್ದಕ್ಕೆ ಕಪಾಟೇ ಅಲುಗಾಡಿತು.

ಎರಡೂವರೆ ತಿಂಗಳಿಗೆ ಅವು ಬಟಾಣಿಯಷ್ಟಾದವು. ಎಣಿಸಿದರೆ ಸರಿಯಾಗಿ ಏಳು.

"ನನಗೆ ಆ ದೊಡ್ಡದೇ ಸಾಕಪ್ಪ," ಎಂದು ಹಳೆಯ ಗಡ್ಡೆಯನ್ನು ಎತ್ತಿದಳು. ಅದು ಹಗುರವಾಗಿತ್ತು. ಬರೀ ಸಿಪ್ಪೆ.

"ಅದರಲ್ಲಿದ್ದದ್ದನ್ನೆಲ್ಲ ಮರಿಗಳು ತಿಂದು ಮುಗಿಸಿವೆ ಕಣೇ," ಎಂದರು ಅಜ್ಜಿ.

ಚಿನಕುರಳಿಗೆ ಅಳು ಬಂತು. ಏಳು ಪೊಟ್ಟಣ ಕಟ್ಟಿದಳು. ಎಲ್ಲಕ್ಕಿಂತ ದಪ್ಪನೆಯದನ್ನು ಮಾತ್ರ ಬ್ಯಾಗಿನ ಒಳಜೇಬಿಗೆ ಸೇರಿಸಿದಳು. ಆರು ಜನಕ್ಕೆ ಕೊಟ್ಟರಾಯಿತು, ಒಬ್ಬಳಿಗೆ ಏನಾದರೂ ನೆಪ ಹೇಳಿದರಾಯಿತು.

ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ.

"ಅಯ್ಯೋ, ಇಷ್ಟೇನಾ? ಹೂ ಯಾವಾಗ ಬಿಡುತ್ತೆ?"

"ಮೂರು ವರ್ಷ."

"ಮೂರು ವರ್ಷಾನಾ! ಆಗ ನಾವು ಎಂಟನೇ ಕ್ಲಾಸು ಕಣೇ!"

ಆದರೂ ಪೊಟ್ಟಣವನ್ನು ಯಾರೂ ವಾಪಸು ಕೊಡಲಿಲ್ಲ. ಆರು ಖಾಲಿಯಾದವು. ಕೊನೆಯಲ್ಲಿ ಉಳಿದವಳು ಗುಂಡಿ. ಅವಳು ಬೆಳಿಗ್ಗೆಯೇ ಒಂದು ಹಳೇ ಮಗ್ಗಿಗೆ ತೂತು ಹಾಕಿ, ಮಣ್ಣು ತುಂಬಿಸಿ, ಎದೆಗವಚಿಕೊಂಡು ತಂದಿದ್ದಳು. ಅದರ ಮೇಲೆ 'ನೀಲಿ' ಎಂದು ಬರೆದೂ ಆಗಿತ್ತು.

ಚಿನಕುರಳಿ ನೆಪ ಹೇಳಲು ಬಾಯಿ ತೆರೆದಳು. ಮಗ್ಗಿನ ಮೇಲಿದ್ದ 'ನೀಲಿ'ಯನ್ನು ಇನ್ನೊಮ್ಮೆ ಓದಿದಳು. ಒಳಜೇಬಿಗೆ ಕೈ ಹಾಕಿದಳು.

ಸಂಜೆ ಅಜ್ಜಿ ಕೇಳಿದರು, "ನಿನಗೆ ಏನು ಉಳೀತೇ?"

"ಮೂರು ವರ್ಷ ಆದ್ಮೇಲೆ ಏಳು ಮನೆಗೆ ಹೋಗಬೇಕು ಅಜ್ಜಿ. ಹೂ ನೋಡೋಕೆ."

ಆಮೇಲೆ ಅವಳು ಕಪಾಟಿನಿಂದ ಆ ಒಣ ಸಿಪ್ಪೆಯನ್ನು ತೆಗೆದು, ಮೆಲ್ಲಗೆ ಕಿಟಕಿಯ ಹತ್ತಿರ, ಅದರ ಹಳೇ ಜಾಗದಲ್ಲೇ ಇಟ್ಟಳು.